ಹೌದು ಸರ್, ನಾನೇ ಮಾಡಿದ್ದು

ಕಳೆದ ವಾರ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಪಟ್ಟಿ ಕಳಿಸಿದರು. ಕಂಪ್ಯೂಟರ್ ಚೆನ್ನಾಗಿ ಬಲ್ಲ ಗೆಳೆಯನಿಗೆ ಮಾಡಬಹುದಾದ ನಿರುಪದ್ರವಿ ಕೀಟಲೆಗಳು, ಒಟ್ಟು ಹತ್ತು. ಅದರಲ್ಲಿ ಏಳನ್ನು ನಾನು ಎಂದೋ ಮಾಡಿ ಮುಗಿಸಿದ್ದೆ. ಹೊಸದಾಗಿ ಸೇರಿದವರೊಬ್ಬರು ಕೆಳಗೆ 'ಇದರಲ್ಲಿ ನಮ್ಮ ಮೇಡಂ ಎಕ್ಸ್‌ಪರ್ಟ್ ಅಂತೆ' ಎಂದು ಬರೆದು ನಗುವ ಮುಖ ಹಾಕಿದ್ದರು. ಹಳಬರು ಯಾರೂ ನಗಲಿಲ್ಲ. ನಾನು ಗುಂಪಿನಿಂದಲೇ ಹೊರಗೆ ಬಂದೆ. ನಿರುಪದ್ರವಿ ಎಂಬ ಪದವನ್ನು ಅಷ್ಟು ಸಲೀಸಾಗಿ ಬಳಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಒಂದು ಕಾಲದಲ್ಲಿ ನಾನೂ ಹಾಗೇ ಬಳಸುತ್ತಿದ್ದೆ.

ಆ ಏಳೂ ಕೀಟಲೆಗಳನ್ನು ಮಾಡಿದ್ದು ಒಬ್ಬರೇ ಮನುಷ್ಯರಿಗೆ. ಸಾನಪಾಡಾದ ನಮ್ಮ ಆಫೀಸಿನಲ್ಲಿ ಅವರು ಸಿಸ್ಟಮ್ ನೋಡಿಕೊಳ್ಳುತ್ತಿದ್ದರು. ಹಡಗಿಗೆ ಹೋಗುವ ಮಾಲಿನ ಕಾಗದಪತ್ರ ತಯಾರಿಸುವ ಆಫೀಸು ನಮ್ಮದು. ಸರ್ವರ್ ಒಂದು ಗಂಟೆ ಮಲಗಿದರೆ ಬಂದರಿನಲ್ಲಿ ಯಾರದೋ ಕಂಟೇನರ್ ನಿಂತುಬಿಡುತ್ತದೆ. ಆ ಲೆಕ್ಕದಲ್ಲಿ ಮ್ಯಾನೇಜರರಿಗಿಂತ ನಾವು ಅವರಿಗೇ ಹೆಚ್ಚು ಹೆದರಬೇಕಿತ್ತು, ಆದರೆ ಯಾರೂ ಹೆದರುತ್ತಿರಲಿಲ್ಲ. ಗಿಡ್ಡ ಮೈಕಟ್ಟು, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಒಂದು ಸಣ್ಣ ಸ್ಕ್ರೂಡ್ರೈವರ್. ಯಾವ ಕಂಪ್ಯೂಟರ್ ಕೆಟ್ಟರೂ ಮೊದಲು ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುವುದು, ಆಮೇಲೆ ಅದರ ಪೆಟ್ಟಿಗೆಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ಕೂರುವುದು. "ಮೊದಲು ವೈರ್ ನೋಡ್ಬೇಕು, ಮತ್ತೆ ದೇವರನ್ನು ನೋಡ್ಬೇಕು" ಎಂಬುದು ಅವರ ಮಾತು. ಹತ್ತರಲ್ಲಿ ಎಂಟು ಸಲ ವೈರೇ ಸಡಿಲವಾಗಿರುತ್ತಿತ್ತು.

ಉಡುಪಿ ಕಡೆಯವರು. ಠಾಣೆ ನಗರದ ನೌಪಾಡಾದಲ್ಲಿ ಅಣ್ಣನ ಹೋಟೆಲಿತ್ತು, ಅಲ್ಲಿ ಕೆಟ್ಟ ಗ್ರೈಂಡರ್ ಬಿಚ್ಚಿ ಜೋಡಿಸುತ್ತಾ ಕಲಿತ ವಿದ್ಯೆ ಇದು ಎಂದು ಹೇಳಿಕೊಳ್ಳುತ್ತಿದ್ದರು. "ಗ್ರೈಂಡರಿಗೂ ಸರ್ವರಿಗೂ ಎಂತ ವ್ಯತ್ಯಾಸ ಇಲ್ಲ ಮಾರಾಯ್ತಿ. ಎರಡಕ್ಕೂ ಬಿಸಿ ಆದ್ರೆ ಆಗುದಿಲ್ಲ. ಎರಡೂ ಗಿರಾಕಿ ಬಂದು ಕೂತ ಮೇಲೆಯೇ ಕೈ ಕೊಡುದು." ಮನೆಯಲ್ಲಿ ಅವರದು ತುಳು. ನಾನು ಕುಂದಾಪುರದವರ ಮಗಳು, ಬೆಳೆದದ್ದು ಠಾಣೆಯಲ್ಲಿ, ನನಗೆ ತುಳು ಬಾರದು. ಇಡೀ ಆಫೀಸು ಹಿಂದಿ, ಮರಾಠಿಯಲ್ಲಿ ಓಡುತ್ತಿರುವಾಗ ನಮ್ಮಿಬ್ಬರ ನಡುವೆ ಮಾತ್ರ ಕನ್ನಡ ಇತ್ತು. ನಾನು ಅವರಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು. ನನ್ನ ಅಪ್ಪ ಇದ್ದಿದ್ದರೆ ಅವರಷ್ಟೇ ವಯಸ್ಸಾಗಿರುತ್ತಿತ್ತು ಎಂದೆಲ್ಲ ಬರೆದು ಕಣ್ಣೀರು ತರಿಸುವ ಆಸೆ ನನಗಿಲ್ಲ. ಅಪ್ಪ ಇದ್ದಾರೆ, ಗಟ್ಟಿಯಾಗಿದ್ದಾರೆ. ಇವರು ನನಗೆ ಗೆಳೆಯರು, ಅಷ್ಟೇ.

ಕೀಟಲೆಯನ್ನು ಶುರು ಮಾಡಿದ್ದು ಅವರೇ. ಕಂಪ್ಯೂಟರನ್ನು ಲಾಕ್ ಮಾಡದೆ ಚಹಾ ಕುಡಿಯಲು ಹೋದವರಿಗೆ ಅವರು ಬುದ್ಧಿ ಹೇಳುತ್ತಿರಲಿಲ್ಲ, ಸ್ಕ್ರೀನನ್ನು ತಲೆಕೆಳಗು ಮಾಡಿ ಹೋಗುತ್ತಿದ್ದರು. ಸೇರಿದ ಮೊದಲ ವಾರವೇ ನನಗೂ ಆಯಿತು. ಕತ್ತು ಓರೆ ಮಾಡಿಕೊಂಡು ಅರ್ಧ ಗಂಟೆ ಒದ್ದಾಡಿದೆ. ಮರುದಿನ ಅವರು ಊಟಕ್ಕೆ ಎದ್ದಾಗ ಅವರ ಮೌಸಿನ ಹೊಟ್ಟೆಗೆ ಸಣ್ಣ ಕಾಗದದ ತುಂಡು ಅಂಟಿಸಿದೆ. ಬಂದು ಕೂತರು, ಮೌಸ್ ಆಡಿಸಿದರು, ಬಾಣ ಅಲುಗಲಿಲ್ಲ. ಮಗುಚಿ ನೋಡಿ, ಕಾಗದ ಕಿತ್ತು, ತಲೆ ಎತ್ತದೆಯೇ ಹೇಳಿದರು: "ನಾಲ್ಕು ಸೆಕೆಂಡು. ಬೇರೆ ಉಂಟಾ?"

ಇತ್ತು. ಒಂಬತ್ತು ವರ್ಷ ಇತ್ತು. ನಿಯಮ ಅವರೇ ಮಾಡಿದರು. ಯಾರ ಫೈಲನ್ನೂ ಮುಟ್ಟಬಾರದು, ಸರ್ವರ್ ಹತ್ತಿರ ಸುಳಿಯಬಾರದು, ಮಾಡಿದ್ದನ್ನು ಒಂದು ನಿಮಿಷದಲ್ಲಿ ಬಿಡಿಸಲು ಬರಬೇಕು. ಡೆಸ್ಕ್‌ಟಾಪಿನ ಫೋಟೋ ತೆಗೆದು ಅದನ್ನೇ ವಾಲ್‌ಪೇಪರ್ ಮಾಡಿ ನಿಜವಾದ ಐಕಾನುಗಳನ್ನು ಅಡಗಿಸಿಟ್ಟೆ. ಎಲ್ಲಿ ಒತ್ತಿದರೂ ಏನೂ ತೆರೆಯುವುದಿಲ್ಲ, ಒತ್ತುತ್ತಿರುವುದು ಚಿತ್ರವನ್ನು. ಅದಕ್ಕೆ ಅವರು ನಲವತ್ತು ಸೆಕೆಂಡು ತೆಗೆದುಕೊಂಡರು, ಅದು ಬಹಳ ಕಾಲ ನನ್ನ ದಾಖಲೆಯಾಗಿತ್ತು. ಅವರ ಕಂಪ್ಯೂಟರಿನ ಬೆನ್ನಿಗೆ ನನ್ನ ವೈರಿಲ್ಲದ ಮೌಸಿನ ಯುಎಸ್‌ಬಿ ಕಡ್ಡಿ ಸಿಕ್ಕಿಸಿ, ನನ್ನ ಜಾಗದಲ್ಲೇ ಕೂತು ಅವರ ಬಾಣವನ್ನು ಆಗಾಗ ಮೆಲ್ಲನೆ ಪಕ್ಕಕ್ಕೆ ತಳ್ಳುತ್ತಿದ್ದೆ. ಅದನ್ನು ಹನ್ನೊಂದು ಸೆಕೆಂಡಿನಲ್ಲಿ ಕಂಡುಹಿಡಿದರು. ಸೇಡು ತೀರಿಸಿಕೊಳ್ಳಲು ನನ್ನ ಕಂಪ್ಯೂಟರ್ ದಿನಾ ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ, ಹಿಂದಿ ವಾರ್ತೆ ಓದುವ ಹೆಂಗಸಿನ ದನಿಯಲ್ಲಿ, ಚಹಾ ಆಯಿತೇ ಎಂದು ನನ್ನ ಹೆಸರು ಹಿಡಿದು ಕೇಳುವಂತೆ ಮಾಡಿದರು. ಅದನ್ನು ನಿಲ್ಲಿಸಲು ನನಗೆ ಮೂರು ದಿನ ಬೇಕಾಯಿತು.

ಒಮ್ಮೆ ಮಾತ್ರ ಅವರು ಪೂರ್ತಿ ಸೋತರು. ಅವರ ಮೇಲ್‌ನಲ್ಲಿ 'ಸರ್ವರ್' ಎಂದು ಟೈಪ್ ಮಾಡಿದಾಗಲೆಲ್ಲ ತಾನಾಗಿ 'ಸಾಂಬಾರ್' ಎಂದಾಗುವಂತೆ ಮಾಡಿಟ್ಟಿದ್ದೆ. ಅವಸರದಲ್ಲಿದ್ದರು, ನೋಡದೆ ಕಳಿಸಿಬಿಟ್ಟರು. ಇಂದು ಸಂಜೆ ಆರರಿಂದ ಏಳರವರೆಗೆ ಸಾಂಬಾರ್ ಬಂದ್ ಇರುತ್ತದೆ, ಎಲ್ಲರೂ ಸಹಕರಿಸಬೇಕು ಎಂಬ ನೋಟಿಸು ಇಡೀ ಆಫೀಸಿಗೆ ಹೋಯಿತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ನಗಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗೂ ಇನ್ನೊಂದು ನೋಟಿಸು ಬಂತು: ಸಾಂಬಾರ್ ಈಗ ಸರಿಯಾಗಿದೆ, ಹಳೆಯ ಪಾಸ್‌ವರ್ಡ್ ನಡೆಯುತ್ತದೆ. ಅಂಥ ಮನುಷ್ಯ.

ಸಂಜೆ ಸಾನಪಾಡಾ ಸ್ಟೇಷನ್ನಿಗೆ ಒಟ್ಟಿಗೆ ನಡೆಯುತ್ತಿದ್ದೆವು. ನಾನು ಠಾಣೆಯಲ್ಲಿ ಇಳಿದು ಮನೆಗೆ, ಅವರು ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ. ಆ ಹತ್ತು ನಿಮಿಷದ ನಡಿಗೆಯಲ್ಲಿ ಅವರು ಒಮ್ಮೆ ಹೇಳಿದ್ದು ನೆನಪಿದೆ. "ನನಗೆ ಹೆದರಿಕೆ ಇರುದು ಒಂದೇ. ಈ ಕೆಲಸ ಹೊರಗಿನ ಏಜೆನ್ಸಿಗೆ ಕೊಟ್ರೆ ನಾನು ಎಂತ ಮಾಡುದು? ಮನೆಯಲ್ಲಿ ಕೂತ್ರೆ ತಲೆ ತುಕ್ಕು ಹಿಡೀತದೆ." ಮ್ಯಾನೇಜರ್ ಆಗಲೇ ಏಜೆನ್ಸಿಯ ಮಾತು ಎತ್ತಿದ್ದರು. ನಿವೃತ್ತಿಗೆ ಅವರಿಗೆ ಇನ್ನೂ ನಾಲ್ಕು ವರ್ಷ ಇತ್ತು.

ಅವರು ಒಂದು ವಾರ ಊರಿಗೆ ಹೋಗಿ ಬಂದ ಸೋಮವಾರ, ಸ್ವಾಗತಕ್ಕೆಂದು ನಾನು ಹಳೆಯ ವಾಲ್‌ಪೇಪರಿನ ಆಟವನ್ನೇ ಮತ್ತೆ ಹೂಡಿದೆ. ಸುಲಭದ್ದು, ನಗಲಿ ಎಂದು. ಅವರು ಐಕಾನಿನ ಮೇಲೆ ಒತ್ತಿದರು. ಮತ್ತೆ ಒತ್ತಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎರಡು ನಿಮಿಷ ಆಯಿತು, ಐದಾಯಿತು. ಕಂಪ್ಯೂಟರ್ ಆರಿಸಿ ಹಾಕಿದರು, ಮತ್ತೆ ಅದೇ ಚಿತ್ರದ ಮೇಲೆ ಒತ್ತಿದರು. ನಾಟಕ ಮಾಡುತ್ತಿದ್ದಾರೆ ಎಂದುಕೊಂಡೆ. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹೋಗಿ ಬಿಡಿಸಿದೆ. "ಗೊತ್ತಿತ್ತು ಮಾರಾಯ್ತಿ, ನೀನು ಎಷ್ಟು ಹೊತ್ತು ಕಾಯ್ತಿ ನೋಡುವಾ ಅಂತ" ಎಂದು ನಕ್ಕರು. ಹಣೆಯಲ್ಲಿ ಬೆವರಿತ್ತು. ನಾನು ನಂಬಿದೆ. ನಂಬದೆ ಇದ್ದರೆ ಬೇರೇನನ್ನೋ ನಂಬಬೇಕಾಗುತ್ತಿತ್ತು.

ಅದಾಗಿ ಒಂದು ತಿಂಗಳಿಗೆ, ಒಂದು ಬೆಳಿಗ್ಗೆ ಅವರು ಎದ್ದು ನನ್ನ ಮೇಜಿನ ಹತ್ತಿರ ಬಂದರು. ಅವರ ಹಿಂದೆಯೇ ಮ್ಯಾನೇಜರ್ ನಿಂತಿದ್ದರು. ಏನೋ ವರದಿ ಬೇಕಿತ್ತು, ಅರ್ಧ ಗಂಟೆಯಿಂದ ಕಾಯುತ್ತಿದ್ದರು.

"ನನ್ನ ಪಾಸ್‌ವರ್ಡ್ ಎಂತ ಮಾಡಿದ್ದೀ?"

ನಾನು ಏನೂ ಮಾಡಿರಲಿಲ್ಲ. ಪಾಸ್‌ವರ್ಡ್ ಮುಟ್ಟುವುದು ನಮ್ಮ ನಿಯಮದಲ್ಲೇ ಇರಲಿಲ್ಲ. ಆ ನಿಯಮ ಮಾಡಿದ್ದು ಅವರೇ, ಅವರಿಗೆ ಗೊತ್ತಿರಬೇಕಿತ್ತು. ಅವರ ಮುಖ ನೋಡಿದೆ. ಕಳ್ಳತನದ ಆರೋಪ ಹೊತ್ತು ನಿಂತವರ ಮುಖ ಅದು, ನನ್ನ ಮೇಲೆ ಆರೋಪ ಹೊರಿಸುತ್ತಿರುವವರದ್ದಲ್ಲ. ಹಿಂದೆ ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು.

"ಹೌದು ಸರ್, ನಾನೇ ಮಾಡಿದ್ದು" ಎಂದೆ.

ಅವರ ಮುಖ ಅರಳಿದ ರೀತಿಯನ್ನು ನಾನು ಮರೆಯಲಾರೆ. ಮ್ಯಾನೇಜರ್ "ಹೇ ಕಾಯ್ ಚಾಲ್ಲಂಯ್ ಮ್ಯಾಡಮ್?", ಇದೇನು ನಡೆಸಿದ್ದೀರಿ ಎಂದು ಮರಾಠಿಯಲ್ಲಿ ನನ್ನ ಮೇಲೆ ರೇಗಿದರು. ಕಪಾಟಿನಲ್ಲಿ ಮುಚ್ಚಿದ ಲಕೋಟೆಯೊಳಗೆ ಸರ್ ತಮ್ಮ ಪಾಸ್‌ವರ್ಡ್ ಬರೆದಿಟ್ಟದ್ದಿರುತ್ತದೆ ಎಂದು ನನಗೆ ಗೊತ್ತಿತ್ತು. ತೆರೆದು ನೋಡಿ, ನಾನೇ ಟೈಪ್ ಮಾಡಿ, ಹಿಂದಿನಂತೆ ಮಾಡಿದೆ ಎಂದು ಹೇಳಿದೆ. "ಈ ಸಲ ಮಾತ್ರ ಒಳ್ಳೇದು ಮಾಡಿದ್ದೀ" ಎಂದು ಸರ್ ನನ್ನ ಬೆನ್ನು ತಟ್ಟಿದರು.

ಅಲ್ಲಿಂದ ಮುಂದೆ ಅವರಿಗೆ ಏನು ತಪ್ಪಿದರೂ ಅದು ನನ್ನ ಕೀಟಲೆ. ಫೈಲು ತಪ್ಪಾದ ಜಾಗದಲ್ಲಿ ಉಳಿಸಿದರೆ, ನಾನು ಸರಿಸಿದ್ದೆ. ಬ್ಯಾಕಪ್ ಡಿಸ್ಕಿನ ಮೇಲೆ ಹೋದ ವರ್ಷದ ಹೆಸರು ಬರೆದರೆ, ನಾನು ಬರೆದಿದ್ದೆ. ಪ್ರಿಂಟರ್ ಎಲ್ಲಿದೆ ಎಂದು ಮರೆತು ಕಾರಿಡಾರಿನಲ್ಲಿ ನಿಂತರೆ, ನಾನು ಜಾಗ ಬದಲಿಸಿದ್ದೆ. ಪ್ರತಿ ಸಲವೂ ನಾನು ಹೌದು ಸರ್ ಎಂದೆ. ಊಟದ ಹೊತ್ತಿನಲ್ಲಿ ಅವರ ಕೆಲಸವನ್ನು ನಾನು ಕದ್ದು ಕಲಿತೆ, ಕದ್ದು ಮಾಡಿದೆ. ಕೀಟಲೆಯಿಂದ ಕೆಲಸ ಕೆಡಿಸುತ್ತಿದ್ದೇನೆಂದು ನನಗೆ ಮೇಲಿನವರಿಂದ ಎಚ್ಚರಿಕೆಯ ಪತ್ರವೂ ಬಂತು, ಸಹಿ ಹಾಕಿ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೆ ಹೆಮ್ಮೆ ಇತ್ತು. ಅವರ ಕೆಲಸ ಉಳಿಸುತ್ತಿದ್ದೇನೆ, ಮಾನ ಉಳಿಸುತ್ತಿದ್ದೇನೆ, ಎಷ್ಟು ಒಳ್ಳೆಯವಳು ನಾನು ಎಂದು. ಆ ಹೆಮ್ಮೆಯನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಹತ್ತು ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ನಾನು ಮನೆ ಸೇರಿ ಮುಖ ತೊಳೆಯುತ್ತಿದ್ದಾಗ ಅವರ ಫೋನ್ ಬಂತು. ಹಿಂದೆ ಗಾಡಿಯ ಸದ್ದು, ಜನರ ಸದ್ದು.

"ನಾನು ಎಲ್ಲಿದ್ದೇನೆ ಹೇಳು."

"ಎಲ್ಲಿದ್ದೀರಿ ಸರ್?"

"ಅದನ್ನು ನೀನು ಹೇಳ್ಬೇಕು. ಸ್ಟೇಷನ್ನನ್ನೇ ಬದಲು ಮಾಡಿದ್ದೀಯಲ್ಲ. ಇದು ಜಾಸ್ತಿ ಆಯ್ತು ಮಾರಾಯ್ತಿ."

"ಬೋರ್ಡಿನಲ್ಲಿ ಎಂತ ಬರೆದಿದೆ ಸರ್?"

"ಕಲ್ಯಾಣ್ ಅಂತ ಬರೆಸಿದ್ದೀ."

ಡೊಂಬಿವಲಿಯಲ್ಲಿ ಇಳಿಯದೆ ಗಾಡಿ ನಿಲ್ಲುವವರೆಗೆ ಹೋಗಿಬಿಟ್ಟಿದ್ದರು. ಅಲ್ಲೇ ಕೂತಿರಿ ಎಂದು ಹೇಳಿ, ಒದ್ದೆ ಮುಖದಲ್ಲೇ ಠಾಣೆ ಸ್ಟೇಷನ್ನಿಗೆ ಓಡಿದೆ. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಅವರು ಬೆಂಚಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ಗಾಬರಿ ಏನೂ ಇರಲಿಲ್ಲ, ಬೇಸರ ಇತ್ತು. ಅವರು ದಾರಿ ತಪ್ಪಿದ್ದಾರೆಂದು ಅವರಿಗೆ ಅನಿಸಿಯೇ ಇರಲಿಲ್ಲ. ನಾನು ಬಂದು ಬಿಡಿಸಲಿ ಎಂದು ಕಾಯುತ್ತಿದ್ದರು. "ಬಂದ್ಯಾ? ಇನ್ನು ತೆಗಿ ಇದನ್ನು" ಎಂದು ಕೈಯಿಂದ ಇಡೀ ಸ್ಟೇಷನ್ ತೋರಿಸಿದರು.

"ಬನ್ನಿ ಸರ್, ತೆಗೆಯುವಾ" ಎಂದು ಕೈ ಹಿಡಿದು ಗಾಡಿ ಹತ್ತಿಸಿದೆ. ಅಂದು ಮಾತ್ರ ನಾನು ಹೆಂಗಸರ ಬೋಗಿ ಬಿಟ್ಟು ಅವರೊಂದಿಗೆ ನಿಂತೆ. ಡೊಂಬಿವಲಿಯಲ್ಲಿ ಇಳಿದು ಸೇತುವೆ ನೋಡುತ್ತಲೇ ಗುರುತು ಹಿಡಿದರು. "ಹಾಂ, ಈಗ ಸರಿ ಆಯ್ತು. ಎಷ್ಟು ಹೊತ್ತು ತಕೊಂಡೆ ನಾನು?"

ಎರಡು ಗಂಟೆ ಆಗಿತ್ತು. ನಲವತ್ತು ಸೆಕೆಂಡು ಎಂದೆ.

ಅವರ ಹೆಂಡತಿ ಬಾಗಿಲು ತೆರೆದರು. ಸರ್ ಬಟ್ಟೆ ಬದಲಿಸಲು ಒಳಗೆ ಹೋದಾಗ ನಾನು ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಪಾಸ್‌ವರ್ಡಿನಿಂದ ಹಿಡಿದು ಕಲ್ಯಾಣದವರೆಗೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಲೆಯ ಉರಿ ಸಣ್ಣ ಮಾಡಿದರು.

"ಮನೆಯಲ್ಲೂ ಹಾಗೇ ಹೇಳ್ತಾ ಇದ್ರು ಮಗಾ. ಗ್ಯಾಸ್ ಹಾಗೇ ಬಿಟ್ಟು ಹೋದ್ರೆ, ಅವಳು ಆಫೀಸಿನಲ್ಲಿ ತಲೆ ತಿಂದಿದ್ದಾಳೆ, ಅದಕ್ಕೇ ಮರ್ತುಹೋಯ್ತು ಅಂತ. ನಾನೂ ನಗಾಡಿದ್ದೆ."

ಠಾಣೆಯ ಒಬ್ಬ ಡಾಕ್ಟರಲ್ಲಿಗೆ ಮೂವರೂ ಹೋದೆವು. ಯಾವಾಗಿನಿಂದ ಎಂದು ಅವರು ಕೇಳಿದಾಗ ಹೆಂಡತಿ ಎರಡು ಮೂರು ತಿಂಗಳು ಎಂದರು. ನಾನು ಹನ್ನೊಂದು ತಿಂಗಳು ಎಂದೆ. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಮರೆವಿನ ರೋಗ, ಈ ವಯಸ್ಸಿಗೂ ಬರುತ್ತದೆ, ವೇಗವಾಗಿಯೇ ಹೆಚ್ಚುತ್ತಿದೆ ಎಂದರು. ಮೊದಲೇ ಬಂದಿದ್ದರೆ ಗುಣವಾಗುತ್ತಿತ್ತಾ ಎಂದು ಆಮೇಲೆ ನಾನೊಬ್ಬಳೇ ಒಳಗೆ ಹೋಗಿ ಕೇಳಿದೆ. ಗುಣವಾಗುವುದಿಲ್ಲ, ಆದರೆ ಆಗ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತು ಎಂದರು.

ಎಲ್ಲರೂ ಮೊದಲರ್ಧವನ್ನು ಹಿಡಿದುಕೊಂಡು ನನಗೆ ಸಮಾಧಾನ ಹೇಳುತ್ತಾರೆ. ಹೇಗೂ ಗುಣವಾಗುತ್ತಿರಲಿಲ್ಲವಲ್ಲ ಎಂದು. ಎರಡನೆಯ ಅರ್ಧ ನನ್ನದು. ತನಗೆ ಏನಾಗುತ್ತಿದೆ ಎಂದು ತಿಳಿಯುವ ಶಕ್ತಿ ಅವರಿಗೆ ಹತ್ತು ತಿಂಗಳು ಇತ್ತು. ಕೆಟ್ಟ ಯಂತ್ರ ಸಿಕ್ಕರೆ ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿಯದೆ ಅನ್ನ ಮುಟ್ಟದ ಮನುಷ್ಯ. ತಾನೇ ಕೆಡುತ್ತಿರುವುದು ಅವರಿಗೆ ತಿಳಿದಿದ್ದರೆ ಹೆಂಡತಿಯ ಹತ್ತಿರ ಮಾತಾಡುತ್ತಿದ್ದರು, ಪುಣೆಯಲ್ಲಿರುವ ಮಗಳನ್ನು ಕರೆಸುತ್ತಿದ್ದರು, ಅಳುತ್ತಿದ್ದರು, ನನಗೆ ಏನಾದರೂ ಹೇಳುತ್ತಿದ್ದರು. ಆ ಹತ್ತು ತಿಂಗಳೂ ನಾನು ಅಡ್ಡ ನಿಂತು, ತಪ್ಪು ನಿಮ್ಮಲ್ಲಿ ಇಲ್ಲ, ನನ್ನಲ್ಲಿದೆ ಎಂದೆ. ಬೇರೆಯವರ ತುಂಟತನಕ್ಕೆ ಯಾರಾದರೂ ಡಾಕ್ಟರಲ್ಲಿಗೆ ಹೋಗುತ್ತಾರೆಯೇ? ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಅವರು. ಅವರ ಕೆಲಸವಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ತಿಂಗಳೊಳಗೆ ಏಜೆನ್ಸಿ ಬಂತು.

ಆಮೇಲೆ ಭಾನುವಾರಗಳಂದು ಡೊಂಬಿವಲಿಗೆ ಹೋಗತೊಡಗಿದೆ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಅವರೆದುರು ಕೂತು ನಿಜ ಹೇಳಿದೆ. "ಸರ್, ನಾನು ಏನೂ ಮಾಡಿಲ್ಲ. ಪಾಸ್‌ವರ್ಡ್ ನಾನು ಮುಟ್ಟಲಿಲ್ಲ. ಸ್ಟೇಷನ್ ಕೂಡ ಬದಲಾಗಿರಲಿಲ್ಲ. ನಾನು ಸುಳ್ಳು ಹೇಳಿದೆ." ಅವರು ಗಮನ ಕೊಟ್ಟು ಕೇಳಿದರು. ಅರ್ಥವಾಯಿತು ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಬೆರಳು ಎತ್ತಿ, ಹಳೆಯ ನಗು ನಗುತ್ತಾ, "ಇದು ಹೊಸ ನಮೂನೆ. ಇದನ್ನು ಬಿಡಿಸ್ಲಿಕ್ಕೆ ಸ್ವಲ್ಪ ಹೊತ್ತು ಬೇಕು" ಎಂದರು. ಎದ್ದು ಹೋಗಿ ಟಿವಿಯ ಬೆನ್ನಿನ ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ರಿಮೋಟ್ ಮಗುಚಿ ನೋಡಿದರು. ತಟ್ಟೆ ಮಗುಚಿ ನೋಡಿದರು. ಹೆಂಡತಿ ಅವರ ಹಿಂದೆಯೇ ಹೋಗಿ ಎಲ್ಲವನ್ನೂ ಮತ್ತೆ ಸರಿಯಾಗಿ ಇಡುತ್ತಿದ್ದರು.

ಪ್ರತಿ ಭಾನುವಾರ ಅದೇ ನಡೆಯಿತು. ನನ್ನನ್ನು ನೋಡಿದೊಡನೆ ಹುಡುಕಾಟ ಶುರು. ಹೋದ ಭಾನುವಾರ ಹೆಂಡತಿ ಬಾಗಿಲಲ್ಲೇ ನಿಂತರು, ಸರಿದು ದಾರಿ ಬಿಡಲಿಲ್ಲ.

"ಬೇಜಾರು ಮಾಡ್ಕೊಳ್ಬೇಡ ಮಗಾ. ನೀನು ಬಂದು ಹೋದ್ರೆ ಇವರು ಎರಡು ದಿನ ಸರಿಯಾಗಿ ಊಟ ಮಾಡುದಿಲ್ಲ. ಹುಡುಕ್ತಾನೇ ಇರ್ತಾರೆ. ಇನ್ನು ಬರ್ಬೇಡ."

"ಸರಿ ಆಂಟಿ. ಸ್ವಲ್ಪ ದಿನ ಬರದಿದ್ರೆ ನನ್ನನ್ನು ಮರೆತುಬಿಡ್ತಾರೆ. ಆಗ ಆರಾಮ ಆಗ್ತದೆ."

ಅವರು ಇಲ್ಲವೆಂದು ತಲೆಯಾಡಿಸಿದರು. "ನನ್ನ ಹೆಸರು ಹೋಗಿ ಒಂದು ತಿಂಗಳಾಯ್ತು. ಮಗಳ ಹೆಸರು ಅದಕ್ಕಿಂತ ಮೊದಲೇ ಹೋಗಿದೆ. ನಿನ್ನದು ಮಾತ್ರ ಉಂಟು. ಬೆಳಿಗ್ಗೆ ಎದ್ದ ಕೂಡ್ಲೆ ಅದನ್ನೇ ಹೇಳುದು. ಅವಳಿಗೆ ಫೋನ್ ಮಾಡು, ಆಟ ಸಾಕು, ಬಂದು ಬಿಡಿಸ್ಲಿಕ್ಕೆ ಹೇಳು ಅಂತ."

ಒಳಗಿನಿಂದ ಅವರ ದನಿ ಕೇಳಿಸಿತು. ತುಳುವಿನಲ್ಲಿ ಕೇಳಿದ್ದು. ಆದರೂ ಅದರಲ್ಲಿ ನನ್ನ ಹೆಸರಿತ್ತು, ಬಂದಳಾ ಎಂದು ಕೇಳುತ್ತಿದ್ದಾರೆ ಎನ್ನುವಷ್ಟು ನನಗೂ ತಿಳಿಯಿತು. ಹೆಂಡತಿ ನನ್ನ ಮುಖ ನೋಡುತ್ತಲೇ ಅವರಿಗೆ ಉತ್ತರ ಕೊಟ್ಟರು. ಇನ್ನೂ ಇಲ್ಲ, ಬರುತ್ತಾಳೆ ಎಂದರು. ಆಮೇಲೆ ಬಾಗಿಲು ಹಾಕಿಕೊಂಡರು.